ನಾಗಲಿಂಗಮ್ಮನನ್ನು ಕೆಲಸ ಬಿಡಿಸಿದ್ದು

ಹೆರಿಗೆ ರಜೆ ಮುಗಿಯಲು ಇನ್ನೊಂದೇ ವಾರ ಉಳಿದಿತ್ತು. ಮೂರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಡ್ಯೂಟಿಗೆ ಹೋಗುವುದೆಂದು ದುರುಗಮ್ಮನಿಗೆ ಚಿಂತೆ ಹತ್ತಿತ್ತು. ಆಕೆ ಹಗರಿಬೊಮ್ಮನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ಪಕ್ಕೀರಪ್ಪ ಬಸ್ ಕಂಡಕ್ಟರ್. ಬೆಳಿಗ್ಗೆ ಹೊರಟನೆಂದರೆ ಹಡಗಲಿ, ಹೊಳಲು ಎಂದು ಸುತ್ತಿ ಮನೆ ಮುಟ್ಟುವುದು ಮರುದಿನ. ಅತ್ತೆ ಗಾಳೆಮ್ಮ ಕೋಗಳಿಯ ಕೇರಿಯಿಂದ ಬಾಣಂತನಕ್ಕೆ ಬಂದವಳು ಎರಡು ತಿಂಗಳು ಇದ್ದು, ಎಮ್ಮೆ ಮತ್ತು ಕಿರಿಮಗನ ಮೂರು ಮಕ್ಕಳನ್ನು ಬಿಟ್ಟಿರಲಾಗದೆ ಹೋಗಿಬಿಟ್ಟಿದ್ದಳು. ಅದು ಎಪ್ಪತ್ತೊಂಬತ್ತನೇ ಇಸವಿ.

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನ ಬಾಗಿಲಿಗೆ ಒಂದು ಮಧ್ಯಾಹ್ನ ನಾಗಲಿಂಗಮ್ಮ ಬಂದು ನಿಂತಳು. ಐವತ್ತರ ಹತ್ತಿರದ ಹೆಂಗಸು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆ ತುಂಬ ಸೆರಗು. ದುರುಗಮ್ಮನಿಗೆ ಕೂಡಲೇ ಗುರುತು ಸಿಕ್ಕಿತು. ಹಿಂದಿನ ವರ್ಷ ವಿಷಮಜ್ವರವೆಂದು ಕೊಟ್ಟೂರಿನಿಂದ ಮೈದುನ ಕರೆತಂದು ವಾರ್ಡಿಗೆ ಸೇರಿಸಿ ಹೋಗಿದ್ದ ವಿಧವೆ ಆಕೆ. ಹದಿನಾರು ದಿನ ಮಲಗಿದ್ದರೂ ಕೊಟ್ಟೂರಿನಿಂದ ಯಾರೂ ತಿರುಗಿ ನೋಡಿರಲಿಲ್ಲ. ಮೈ ಒರೆಸಿ, ಗಂಜಿ ಕುಡಿಸಿ, ಬಚ್ಚಲಿಗೆ ಕೈಹಿಡಿದು ನಡೆಸಿದವಳು ದುರುಗಮ್ಮ. ಬಿಡುಗಡೆಯ ದಿನವೂ ಯಾರೂ ಬಾರದೆ, ಕೊನೆಗೆ ಇದೇ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ತಮ್ಮ ವೀರಭದ್ರಯ್ಯ ಬಂದು ಕರೆದುಕೊಂಡು ಹೋಗಿದ್ದ. ಅಂದಿನಿಂದ ಅವನ ಅಂಗಡಿಯ ಹಿಂದೆ ಮೂಟೆಗಳ ನಡುವೆ ಆಕೆಯ ಹಾಸಿಗೆ.

“ನರ್ಸಮ್ಮ, ಕೂಸು ನೋಡಿಕೊಳ್ಳಾಕ ಯಾರನ್ನರ ಹುಡುಕಾಕ ಹತ್ತೀರಂತಲ್ಲ,” ಎಂದಳು. “ನಾ ಬಂದರ ಆಕೈತೇನ್ರಿ?”

ದುರುಗಮ್ಮ ಆಕೆಯ ಹಣೆಯ ವಿಭೂತಿಯನ್ನೇ ನೋಡಿದಳು. ತನ್ನ ಮನೆಗೆ ಆ ಜನದವರು ಕೆಲಸ ಕೇಳಿಕೊಂಡು ಬರುವುದು ಆಕೆ ಕಂಡೂ ಕೇಳಿಯೂ ಇರದ ಸಂಗತಿ.

“ನಾವು ಯಾರಂತ ನಿಮಗ ಗೊತ್ತೈತಲ್ಲ, ಅಮ್ಮಾರೆ?”

“ಗೊತ್ತೈತಿ. ಅದಕ್ಕ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಿಮ್ಮ ಮನ್ಯಾಗ ನಾ ಏನೂ ಉಣ್ಣಂಗಿಲ್ಲ, ನೀರೂ ಕುಡಿಯಂಗಿಲ್ಲ. ಸಂಜಿಕಿ ಹೋಗಿ ಹಿತ್ತಲದಾಗ ನೀರು ಹಾಕ್ಕಂಡು ಆಮ್ಯಾಲೆ ಒಳಗ ಬಾ ಅಂತ ನಮ್ಮ ತಮ್ಮ ಕರಾರು ಮಾಡ್ಯಾನ. ನೀವು ಬ್ಯಾಸರ ಮಾಡ್ಕಾಬಾರದು.”

“ಕೂಸಿಗೆ ಹಾಲು ಕುಡಿಸ್ತೀರಿ?”

“ಅಯ್ಯ! ಕೂಸಿಗೇನ್ರಿ ಅದು!” ಎಂದು ನಾಗಲಿಂಗಮ್ಮ ಕೈ ಚಾಚಿದಳು. ಅಳುತ್ತಿದ್ದ ಕೂಸು ಆ ತೋಳಿಗೆ ಹೋಗಿ ಎರಡೇ ನಿಮಿಷದಲ್ಲಿ ಸುಮ್ಮನಾಯಿತು.

ಮರುದಿನ ಪಕ್ಕೀರಪ್ಪ ಕೇಳಿ ಸಿಟ್ಟಾದ. “ನಮ್ಮ ಕೂಸಿನ ಹೇಲು ಬಳಿಯಾಕ ಆಕೈತಿ, ನಮ್ಮ ನೀರು ಕುಡಿಯಾಕ ಆಗಂಗಿಲ್ಲೇನು?”

“ಬ್ಯಾರೆ ಯಾರರ ಇದ್ದರ ಕರಕಂಡು ಬರ್ರಿ. ಸೋಮವಾರ ನಾ ಡ್ಯೂಟಿಗೆ ಹೋಗಬೇಕು,” ಎಂದಳು ದುರುಗಮ್ಮ. ಬೇರೆ ಯಾರೂ ಇರಲಿಲ್ಲ. ನಾಗಲಿಂಗಮ್ಮ ಕೆಲಸಕ್ಕೆ ಸೇರಿದಳು.

ನಾಲ್ಕು ವರ್ಷ ಆಕೆ ಒಂದು ದಿನವೂ ತಡವಾಗಿ ಬರಲಿಲ್ಲ. ಕೂಸಿಗೆ ಸುಜಾತ ಎಂದು ಹೆಸರಿಟ್ಟಿದ್ದರು. ಎಣ್ಣೆ ತಿಕ್ಕಿ ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿ ತೂಗುವುದರಿಂದ ಹಿಡಿದು ಮೊದಲ ಹೆಜ್ಜೆ, ಮೊದಲ ಮಾತು ಎಲ್ಲಕ್ಕೂ ಸಾಕ್ಷಿಯಾದವಳು ನಾಗಲಿಂಗಮ್ಮನೇ. ದುರುಗಮ್ಮ ಮನೆಗೆ ಬರುವಷ್ಟರಲ್ಲಿ ಅವೆಲ್ಲ ಆಗಿಹೋಗಿರುತ್ತಿದ್ದವು. “ಇವತ್ತು ಹೊಸ್ತಿಲು ದಾಟಿದಳ್ರಿ ನಿಮ್ಮ ಮಗಳು,” ಎಂದು ನಾಗಲಿಂಗಮ್ಮ ಹೇಳಿದಾಗ ಸಂತೋಷದ ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು. ಎರಡನೇ ವರ್ಷ ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದು, ದುರುಗಮ್ಮನಿಗೆ ಆಸ್ಪತ್ರೆ ಬಿಟ್ಟು ಅಲುಗಾಡಲು ಆಗದಿದ್ದಾಗಲೇ ಸುಜಾತಳಿಗೆ ದಡಾರ ಬಂತು. ಮೂರು ದಿನ ನಾಗಲಿಂಗಮ್ಮ ಕೂಸನ್ನು ಎದೆಯ ಮೇಲಿಂದ ಇಳಿಸಲಿಲ್ಲ. ಮೈಯೆಲ್ಲ ಗುಳ್ಳೆಯೆದ್ದ ಕೂಸು ಆಕೆಯ ಸೆರಗು ಹಿಡಿದು ನಿದ್ದೆ ಮಾಡಿದರೆ, ಆಕೆ ಕುಂತಲ್ಲೇ ಕುಂತಿರುತ್ತಿದ್ದಳು.

ಆದರೆ ಆಕೆಯ ಬುತ್ತಿ ಬೇರೆ, ನೀರು ಬೇರೆ. ಬಟ್ಟೆ ಕಟ್ಟಿದ ತಾಮ್ರದ ತಂಬಿಗೆಯೊಂದನ್ನು ತಂದು ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದಳು. ಮಧ್ಯಾಹ್ನ ಕೂಸಿಗೆ ಒಳಗೆ ಅನ್ನ ಉಣ್ಣಿಸಿ, ಕೈ ತೊಳೆದು, ಹೊರಗೆ ಕಟ್ಟೆಯ ಮೇಲೆ ಕುಂತು ತನ್ನ ರೊಟ್ಟಿ ತಿನ್ನುತ್ತಿದ್ದಳು. ಬಿಸಿಲಿರಲಿ, ಗಾಳಿಯಿರಲಿ, ಅಲ್ಲೇ. ಮೊದಮೊದಲು ಅದು ದುರುಗಮ್ಮನ ಕಣ್ಣಿಗೆ ಚುಚ್ಚುತ್ತಿತ್ತು. ಆಮೇಲೆ ನೋಡದೆ ಇರುವುದನ್ನು ಕಲಿತಳು. ಮಗಳು ಚೆನ್ನಾಗಿ ಬೆಳೆಯುತ್ತಿದ್ದಾಳೆ, ತಾನು ನೆಮ್ಮದಿಯಿಂದ ಕೆಲಸ ಮಾಡುತ್ತಿದ್ದೇನೆ, ಅಷ್ಟು ಸಾಕು ಎಂದುಕೊಂಡಳು. ಸಾಲದೆಂದು ಗೊತ್ತಾದದ್ದು ಎಂಬತ್ಮೂರರ ಯುಗಾದಿಗೆ.

ಆ ಹಬ್ಬಕ್ಕೆ ಮೂವರೂ ಕೋಗಳಿಗೆ ಹೋದರು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರಿಂದ ಸುಜಾತಳ ಮುಖ ಕೆಂಪಾಗಿತ್ತು. ಗಾಳೆಮ್ಮ ಓಡಿಬಂದು ಮೊಮ್ಮಗಳನ್ನು ಎತ್ತಿಕೊಂಡು ಮುದ್ದಿಟ್ಟಳು. ಒಳಗಿನಿಂದ ಹೊಸ ಗಡಿಗೆಯ ತಣ್ಣನೆ ನೀರು ತುಂಬಿ ತಂದು, “ಕುಡಿ ನನ್ನವ್ವ, ಬಾಯಿ ಒಣಗೈತಿ,” ಎಂದು ಲೋಟ ಚಾಚಿದಳು.

ಸುಜಾತ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. “ಬ್ಯಾಡ,” ಎಂದಳು. “ನಿಮ್ಮ ಮನಿ ನೀರು ನನಗ ನಡಿಯಂಗಿಲ್ಲ.”

ನಾಲ್ಕು ವರ್ಷದ ಮಗು ದೊಡ್ಡವರ ಹಾಗೆ ತಲೆ ಅಲ್ಲಾಡಿಸಿ ಅದನ್ನು ಹೇಳಿತು. ಸುತ್ತ ನಿಂತಿದ್ದ ಕೇರಿಯ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕರು. ಗಾಳೆಮ್ಮ ನಗಲಿಲ್ಲ. ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು, ಒಂದು ಹೆಜ್ಜೆ ಹಿಂದೆಯೂ ಸರಿದಳು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದಳು. ಅರವತ್ತು ವರ್ಷ ಊರವರ ಬಾಯಲ್ಲಿ ಕೇಳಿ ಕೇಳಿ ಆ ಮಾತಿಗೆ ಆಕೆಯ ಮೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಹೇಳಿದ್ದು ತನ್ನ ಮೊಮ್ಮಗಳೆಂಬುದು ಅರಿವಿಗೆ ಬಂದದ್ದು ಆಮೇಲೆ. ಆಗ ಆಕೆ ಲೋಟವನ್ನು ನೆಲಕ್ಕಿಟ್ಟು ಒಳಗೆ ಹೋದಳು.

ಮಗಳು ಆಡಿದ ಮಾತಿಗಿಂತ ಅತ್ತೆ ಹಿಂದೆ ಸರಿದದ್ದು ದುರುಗಮ್ಮನಿಗೆ ಸುಟ್ಟಂತಾಯಿತು. ಹೋಳಿಗೆಯನ್ನು ಹಾಗೇ ಬಿಟ್ಟೆದ್ದಳು. ಸಂಜೆಯ ಬಸ್ಸಿಗೆ ಹೊರಟಾಗ ಪಕ್ಕೀರಪ್ಪ ಹಲ್ಲು ಕಚ್ಚಿ ಹೇಳಿದ:

“ನಾಳೆ ಆಕಿ ಬಂದಳಂದರ ಬಾಗಲದಾಗ ನಿಂದ್ರಿಸಿ ವಾಪಸ್ ಕಳಿಸು. ಯಾಕಂತನೂ ಹೇಳಬ್ಯಾಡ. ನಾಕು ಮಂದಿ ನೋಡ್ಲಿ.”

“ನಾ ಹಂಗ ಮಾಡಂಗಿಲ್ಲ.”

“ಯಾಕ? ನಮ್ಮವರನ್ನ ಹಂಗ ಕಳಿಸಿಲ್ಲೇನು ಅವರು?”

“ಕಳಿಸ್ಯಾರ. ಅದಕ್ಕ ನಾ ಕಳಿಸಂಗಿಲ್ಲ.”

ದುರುಗಮ್ಮನ ತಾಯಿ ಜೋಗಮ್ಮ ಕೂಡ್ಲಿಗಿ ಕಡೆಯ ಒಂದು ದೊಡ್ಡ ಮನೆಯಲ್ಲಿ ಹನ್ನೊಂದು ವರ್ಷ ದನದ ಕೊಟ್ಟಿಗೆ ಬಳಿದಿದ್ದಳು. ಒಂದು ಬೆಳಿಗ್ಗೆ ಹೋದಾಗ ಆಳೊಬ್ಬ ಹಿತ್ತಲ ಬಾಗಿಲು ತೆರೆಯದೆಯೇ ಒಳಗಿಂದ, “ನಾಳಿಂದ ಬರಬ್ಯಾಡ ಅಂದಾರ,” ಎಂದಿದ್ದ. ಯಾಕೆಂದು ಜೋಗಮ್ಮನಿಗೆ ಸಾಯುವವರೆಗೂ ತಿಳಿಯಲಿಲ್ಲ. ತಾನೇನಾದರೂ ಕದ್ದೆನೆಂದು ಅವರು ತಿಳಿದುಕೊಂಡಿರಬಹುದೇ ಎಂದು ಎಷ್ಟೋ ವರ್ಷ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಆಗ ಏಳು ವರ್ಷದವಳಿದ್ದ ದುರುಗಮ್ಮ ತಾಯಿಯ ಪಕ್ಕದಲ್ಲೇ ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಿದ್ದಳು.

ಹಾಗಾಗಿ ನಾಗಲಿಂಗಮ್ಮನನ್ನು ಬಿಡಿಸುವುದಾದರೆ ಮುಖ ನೋಡಿ ಹೇಳಿ, ಒಂದು ತಿಂಗಳು ಮೊದಲೇ ತಿಳಿಸಿ, ಬೇರೊಂದು ಮನೆಗೆ ಹಚ್ಚಿಕೊಟ್ಟೇ ಬಿಡಿಸಬೇಕೆಂದು ಆಕೆ ಗಟ್ಟಿ ಮಾಡಿಕೊಂಡಳು. ಮೊದಲು ಮನೆ ಹುಡುಕೋಣವೆಂದು ಹೈಸ್ಕೂಲ್ ಟೀಚರ್ ಕೊಟ್ರಬಸಮ್ಮನ ಹತ್ತಿರ ಹೋದಳು. ಆಕೆಯ ಸೊಸೆಗೆ ಇದೇ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು, ಮಾಡಿಸಿದವಳು ದುರುಗಮ್ಮನೇ. ಕೂಸು ನೋಡಿಕೊಳ್ಳಲು ಒಳ್ಳೆಯ ಹೆಂಗಸು ಬೇಕೆಂದು ಟೀಚರ್ ತಾನೇ ಎರಡು ಸಲ ಹೇಳಿದ್ದಳು.

ದುರುಗಮ್ಮ ಎಲ್ಲ ಹೇಳಿದಳು. ಶುದ್ಧ ಕೈಯವಳು, ತಾಳ್ಮೆಯವಳು, ಕೂಸು ಅಂದರೆ ಜೀವ ಬಿಡುವವಳು. ನಿಮ್ಮವರೇ. ಕೊಟ್ರಬಸಮ್ಮ ನಗುಮುಖದಿಂದಲೇ ಕೇಳಿಸಿಕೊಂಡು, ಕೊನೆಗೆ ದನಿ ತಗ್ಗಿಸಿದಳು.

“ನಂದೇನೂ ಇಲ್ಲವಾ ದುರುಗಮ್ಮ, ನಾ ಅಂಥದ್ದೆಲ್ಲಾ ನೋಡಾಕಿ ಅಲ್ಲ. ಮನ್ಯಾಗ ನಮ್ಮ ಅತ್ತಿ ಅದಾರಲ್ಲ. ನಾಕು ವರ್ಷ ನಿಮ್ಮ ಮನ್ಯಾಗ ಇದ್ದಾಕಿ ಅಂದರ ಅಡಿಗಿ ಮನಿ ಬಾಗಲ ದಾಟಿಸಂಗಿಲ್ಲ ಅವರು.”

“ಆಕಿ ನಮ್ಮ ಮನ್ಯಾಗ ಒಂದು ಗುಟುಕು ನೀರು ಕುಡದಿಲ್ರಿ, ಟೀಚರ್ರೆ,” ಎಂದುಬಿಟ್ಟಳು ದುರುಗಮ್ಮ.

“ಅದನ್ನ ಯಾರು ನಂಬ್ತಾರವಾ?”

ದಾರಿಯಲ್ಲಿ ಬರುವಾಗ ದುರುಗಮ್ಮನಿಗೆ ತಾನಾಡಿದ ಮಾತು ತನಗೇ ಹೇಸಿಗೆಯೆನಿಸಿತು. ಯಾವ ಕಾರಣಕ್ಕೆ ಆಕೆಯನ್ನು ಬಿಡಿಸಲು ಹೊರಟಿದ್ದಳೋ ಅದನ್ನೇ ಆಕೆಯ ಒಳ್ಳೆಯ ಗುಣವೆಂದು ಇನ್ನೊಬ್ಬರ ಪಡಸಾಲೆಯಲ್ಲಿ ನಿಂತು ಸಾರಿ ಬಂದಿದ್ದಳು. ಆದರೂ ಇನ್ನೆರಡು ಮನೆಗಳಿಗೆ ಹೋದಳು. ಒಂದು ಕಡೆ ಈಗ ಯಾರೂ ಬೇಡವೆಂದರು. ಇನ್ನೊಂದು ಕಡೆ, ಯಾರ ಮನೆಯಲ್ಲಿದ್ದಳೆಂದು ಕೇಳಿ, ಉತ್ತರ ಕೇಳಿದ ಮೇಲೆ ಮಾತು ಬದಲಿಸಿದರು. ನಾಲ್ಕು ವರ್ಷ ಕಟ್ಟೆಯ ಮೇಲೆ ಬಿಸಿಲಲ್ಲಿ ಕುಂತು ತಿಂದ ರೊಟ್ಟಿ ನಾಗಲಿಂಗಮ್ಮನ ಯಾವ ಕೆಲಸಕ್ಕೂ ಬರಲಿಲ್ಲ.

ಹೀಗೆ ಹದಿನೈದು ದಿನ ಕಳೆದವು. ಒಂದು ಭಾನುವಾರ ಬೆಳಿಗ್ಗೆ ದುರುಗಮ್ಮ ಮಗಳನ್ನು ಪಕ್ಕದ ಕ್ವಾರ್ಟರ್ಸಿಗೆ ಆಟಕ್ಕೆ ಕಳಿಸಿ, ನಾಗಲಿಂಗಮ್ಮನನ್ನು ಒಳಗೆ ಕರೆದು ಚಾಪೆ ಹಾಸಿ ಕೂರಿಸಿದಳು.

“ಅಮ್ಮಾರೆ, ಸುಜಾತನ್ನ ಜೂನಿನಾಗ ಶಿಶುವಿಹಾರಕ್ಕ ಹಾಕ್ತೀವಿ. ಇನ್ನು ನಿಮಗ ತ್ರಾಸು ಕೊಡೋದು ಬ್ಯಾಡಂತ...”

“ತ್ರಾಸೇನ್ರಿ? ನಾನೇ ಬಿಟ್ಟು ಬರ್ತೀನಿ, ನಾನೇ ಕರಕಂಡು ಬರ್ತೀನಿ. ಮಧ್ಯಾಹ್ನ ಬಂದರ ಉಣ್ಣಾಕ ಇಡಾವರು ಬ್ಯಾಡೇನು?”

ದುರುಗಮ್ಮ ಸುಳ್ಳು ಹೇಳಿ ಕಳಿಸುವುದು ಸುಲಭವೆಂದುಕೊಂಡಿದ್ದಳು. ಎದುರಿಗೆ ಕುಂತವಳ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಆ ಮುಚ್ಚಿದ ಹಿತ್ತಲ ಬಾಗಿಲಿಗೂ ಇದಕ್ಕೂ ವ್ಯತ್ಯಾಸವೇನು ಎಂದು ಆಕೆಗೆ ಅನಿಸಿತು.

“ಅದು ಅಲ್ರಿ ಕಾರಣ,” ಎಂದಳು. ಕೋಗಳಿಯಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳಿದಳು.

ನಾಗಲಿಂಗಮ್ಮನ ಮುಖ ಬಿಳಿಚಿತು. “ನಿಮ್ಮ ಮಗಳಾಣೆ, ನಾ ಆಕಿಗೆ ಹಂಗ ಹೇಳಿಕೊಟ್ಟಿಲ್ಲ.”

“ಹೇಳಿಕೊಟ್ಟೀರಿ ಅಂತ ನಾ ಅಂದಿಲ್ಲ.”

“ದಿನಾ ಲೋಟ ತಗಂಡು ಕಟ್ಟಿ ಮ್ಯಾಲೆ ಬರ್ತಿದ್ದಳು. ಅಜ್ಜಿ, ನೀ ಕುಡಿ, ನೀ ಕುಡಿ ಅಂತ ಬಾಯಿಗೇ ಹಿಡೀತಿದ್ದಳು. ನಾ ಏನು ಹೇಳ್ಬೇಕಿತ್ರಿ? ನಡಿಯಂಗಿಲ್ಲವ್ವ ಅಂತ ಅಂದಿರಬೇಕು. ಸಣ್ಣ ಕೂಸು, ಹಿಡಕಂಡು ಕುಂತೈತಿ.”

“ಆಕಿ ಕೊಟ್ಟಾಗ ಒಂದಿನ ಕುಡದಿದ್ದರ ಏನಾಕಿತ್ತು?”

“ನಿಮಗ ಹೇಳಾಕ ಸುಲಭ,” ಎಂದಳು ನಾಗಲಿಂಗಮ್ಮ. ಆಕೆಯ ದನಿಯಲ್ಲಿ ಮೊದಲ ಸಲ ಸಿಟ್ಟು ಕಾಣಿಸಿತು. “ನಿಮಗ ನೌಕರಿ ಐತಿ, ಗಂಡ ಅದಾನ, ಸರ್ಕಾರದ ಮನಿ ಐತಿ. ನಮ್ಮ ತಮ್ಮನ ಹೆಂಡ್ತಿ ದಿನಾ ನನ್ನ ಬಾಯಿ ಮೂಸಿ ನೋಡಿ ಒಳಗ ಬಿಡ್ತಾಳ. ಕುಡದೆ ಅಂತ ಗೊತ್ತಾದರ ನಾ ಎಲ್ಲಿ ಮಲಗಲಿ? ನಿಮ್ಮ ಕೂಸಿನ ಉಚ್ಚಿ ಹೇಲು ಬಳದೀನಿ. ದಡಾರ ಬಂದಾಗ ಎದಿಗೆ ಹಾಕ್ಕಂಡೀನಿ. ಆವಾಗ ಮೈಲಿಗಿ ಅನ್ನಲಿಲ್ಲ ನಾನು.”

“ಅದನ್ನ ನಾ ಸಾಯೋತನಕ ಮರಿಯಂಗಿಲ್ಲ, ಅಮ್ಮಾರೆ. ಆದರ ಕೂಸು ಕಲತದ್ದು ಅದನ್ನಲ್ಲ. ಆಕಿ ನಮ್ಮತ್ತಿ ಮುಂದ ನಿಂತು ಅಂದಳಲ್ಲ, ಅದನ್ನ ಕಲತಳು. ನಾಳೆ ನನಗೂ ಅಂತಾಳ. ಆಮ್ಯಾಲೆ ಒಂದಿನ ತನ್ನ ಮೈ ತಾನೇ ನೋಡಿಕೊಂಡು ಅಂತಾಳ.”

ಪಕ್ಕದ ಮನೆಯಿಂದ ಮಕ್ಕಳ ಗದ್ದಲ ಕೇಳಿಬರುತ್ತಿತ್ತು. ನಾಗಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಬ್ಯಾರೆ ಮನಿ ಹುಡುಕಿದಿರಂತ. ಟೀಚರಮ್ಮ ನಮ್ಮ ತಮ್ಮನ ಅಂಗಡ್ಯಾಗ ಹೇಳ್ಯಾಳ. ನಾ ನಂಬಿದ್ದಿಲ್ಲ.”

“ಸಿಗಲಿಲ್ರಿ.”

“ಹೆಂಗ ಸಿಗ್ತೈತಿ,” ಎಂದು ನಾಗಲಿಂಗಮ್ಮ ಎದ್ದಳು. ಬಾಗಿಲ ಹತ್ತಿರ ನಿಂತು, “ತಿಂಗಳು ಮುಗಿಯೋತನಕ ಬರ್ತೀನಿ,” ಎಂದಳು. ಆಕೆಯ ಬೆನ್ನು ನೋಡುತ್ತ ದುರುಗಮ್ಮನಿಗೆ ನಿಜ ಹೇಳಿ ಹಗುರಾದೆನೆಂದು ಅನಿಸಲಿಲ್ಲ. ಸುಳ್ಳನ್ನೇ ಹೇಳಿದ್ದರೆ ಆ ಹೆಂಗಸು ಕೊನೆಯ ಪಕ್ಷ ಸಿಟ್ಟಿಲ್ಲದೆ ಹೋಗುತ್ತಿದ್ದಳೇನೋ.

ಹೇಳಿದಂತೆ ನಾಗಲಿಂಗಮ್ಮ ತಿಂಗಳು ಪೂರ್ತಿ ಬಂದಳು. ಕೂಸಿನ ಕೆಲಸದಲ್ಲಿ ಯಾವ ಕೊರತೆಯೂ ಮಾಡಲಿಲ್ಲ. ಆದರೆ ಅಂದಿನಿಂದ ಸುಜಾತ ಕಟ್ಟೆಗೆ ಬಂದರೆ ಬುತ್ತಿ ಕಟ್ಟಿಟ್ಟು, ಮಗು ಅತ್ತ ಹೋಗುವವರೆಗೂ ತಿನ್ನದೆ ಕುಂತಿರುತ್ತಿದ್ದಳು. ಎಷ್ಟೋ ದಿನ ಬುತ್ತಿ ಹಾಗೇ ವಾಪಸು ಹೋಯಿತು.

ಕೊನೆಯ ದಿನ ದುರುಗಮ್ಮ ರಜೆ ಹಾಕಿದಳು. ಪಕ್ಕೀರಪ್ಪನೂ ಮನೆಯಲ್ಲಿದ್ದ. ಬೈಯಬೇಕೆಂದಿದ್ದವನು, ಆಕೆ ಎದುರಿಗೆ ಬಂದಾಗ ಸೈಕಲ್ ಒರೆಸುತ್ತ ಅಂಗಳದಲ್ಲಿ ನಿಂತ. ದುರುಗಮ್ಮ ಎರಡು ತಿಂಗಳ ಸಂಬಳ ಜಾಸ್ತಿ ಸೇರಿಸಿ, ಒಂದು ಇಳಕಲ್ ಸೀರೆಯ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟಳು. ನಾಗಲಿಂಗಮ್ಮ ಬೇಡವೆನ್ನಲಿಲ್ಲ. ಬೇಡವೆನ್ನುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ.

“ಕೂಸು ಮಲಗಿದಾಗ ಹೋಗಿಬಿಡ್ಲೇನ್ರಿ? ಅತ್ತೀತು,” ಎಂದಳು.

“ಬ್ಯಾಡ್ರಿ. ಕದ್ದು ಹೋದಂಗ ಆಕೈತಿ. ಆಕಿಗೆ ಹೇಳೇ ಹೋಗ್ರಿ.”

ಸುಜಾತ ಆಸ್ಪತ್ರೆಯಿಂದ ತಂದ ಖಾಲಿ ಇಂಜೆಕ್ಷನ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ರೈಲು ಮಾಡಿಕೊಂಡು ಆಡುತ್ತಿದ್ದಳು. ನಾಗಲಿಂಗಮ್ಮ ಮಂಡಿಯೂರಿ ಕುಂತು, “ಅಜ್ಜಿ ಊರಿಗೆ ಹೋಕಾಳವ್ವ. ನಾಳಿಂದ ಬರಂಗಿಲ್ಲ,” ಎಂದಳು.

“ಹೂಂ, ಹೋಗಿ ಬಾ,” ಎಂದಿತು ಮಗು, ತಲೆ ಎತ್ತದೆ. “ಬರುವಾಗ ಪೇರಲಹಣ್ಣು ತಾ.”

ಮಗು ಒಮ್ಮೆಯಾದರೂ ತನ್ನ ಮುಖ ನೋಡಲಿ ಎಂದು ನಾಗಲಿಂಗಮ್ಮ ಕಾದಳು. ಡಬ್ಬಿಯ ರೈಲು ಚಾಪೆ ದಾಟಿ ಗೋಡೆಯ ಕಡೆ ಹೋಯಿತು. ಆಕೆ ಎದ್ದು, ಗೂಡಿನಿಂದ ತಂಬಿಗೆ ತೆಗೆದುಕೊಂಡು, ಸೀರೆಯನ್ನು ಬಗಲಿಗೆ ಹಿಡಿದು ಹೊರಟುಹೋದಳು.

ಮಗು ಅತ್ತದ್ದು ಮರುದಿನ. ಆಮೇಲೆ ಎಂಟು ದಿನ. “ಅಜ್ಜಿ ಊರು ಎಷ್ಟು ದೂರ?” ಎಂದು ಕೇಳಿ ಕೇಳಿ ದುರುಗಮ್ಮನನ್ನು ಸುಸ್ತು ಮಾಡಿತು. ಪಕ್ಕೀರಪ್ಪನ ಚಿಕ್ಕಪ್ಪನ ಮಗಳು ಎರ್ರಮ್ಮ ಬಂದು ಇರತೊಡಗಿದ ಮೇಲೆ ಆಕೆಯ ತಟ್ಟೆಯಲ್ಲೇ ಕೈಹಾಕಿ ಉಣ್ಣುವುದನ್ನು ಕಲಿಯಿತು. ದೀಪಾವಳಿಗೆ ಗಾಳೆಮ್ಮ ಬಂದಾಗ ಆಕೆಯ ತೊಡೆಯ ಮೇಲೆ ಕುಂತು ಹಾಲು ಕುಡಿಯಿತು. ಲೋಟ ಚಾಚುವ ಮುಂಚೆ ಗಾಳೆಮ್ಮ ಮಗುವಿನ ಕೈಗಳನ್ನು ನೋಡಿದ್ದನ್ನು ದುರುಗಮ್ಮ ಕಂಡಳು.

ನಾಗಲಿಂಗಮ್ಮನ ಸುದ್ದಿ ಮಾತ್ರ ಸಿಗಲಿಲ್ಲ. ಸಂಬಳ ನಿಂತ ಎರಡನೇ ತಿಂಗಳೇ ವೀರಭದ್ರಯ್ಯನ ಹೆಂಡತಿ ಜಾಗ ಸಾಲದೆಂದಳಂತೆ. ದುರುಗಮ್ಮ ಒಂದು ಸಲ ಅಂಗಡಿಗೆ ಹೋಗಿ ಕೇಳಿದಾಗ ವೀರಭದ್ರಯ್ಯ ಬೆಲ್ಲ ತೂಗುತ್ತ, “ಎಲ್ಲಿಗೋ ಹೋಗ್ಯಾಳ. ನಿಮಗ್ಯಾಕ ಬೇಕು ಅದು?” ಎಂದ.

ಎಂಬತ್ತೈದರಲ್ಲಿ ದುರುಗಮ್ಮನಿಗೆ ಹರಪನಹಳ್ಳಿಗೆ ವರ್ಗವಾಯಿತು. ಅಲ್ಲಿಗೆ ಹೋದ ಮೂರನೇ ತಿಂಗಳು, ಬಟ್ಟೆ ವ್ಯಾಪಾರಿ ಏಕಾಂತಪ್ಪನವರ ತಾಯಿಗೆ ಪಾರ್ಶ್ವವಾಯು ಹೊಡೆದು, ಹತ್ತು ದಿನ ಮನೆಗೇ ಹೋಗಿ ಇಂಜೆಕ್ಷನ್ ಕೊಡಬೇಕೆಂದು ಡಾಕ್ಟರು ಹೇಳಿದರು. ಮೊದಲ ದಿನ ಶನಿವಾರ. ಸುಜಾತಳಿಗೆ ಅರ್ಧ ದಿನ ಶಾಲೆ, ಎರ್ರಮ್ಮ ಊರಿಗೆ ಹೋಗಿದ್ದಳು. ಹಾಗಾಗಿ ದುರುಗಮ್ಮ ಮಗಳನ್ನೂ ಕರೆದುಕೊಂಡು ಹೋದಳು.

ಏಕಾಂತಪ್ಪನ ಹೆಂಡತಿ ಉಚ್ಚಂಗೆಮ್ಮ ಬಾಗಿಲು ತೆಗೆದು, ನರ್ಸಿನ ಜಾತಿ ಕೇಳದೆ ಒಳಗೆ ಕರೆದಳು. ನಡುಮನೆ ದಾಟಿ ಮುದುಕಿಯ ಕೋಣೆಗೆ ಹೋದರೆ, ಮಂಚದ ಪಕ್ಕದಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತವಳು ನಾಗಲಿಂಗಮ್ಮ.

ಎರಡು ವರ್ಷದಲ್ಲಿ ಹತ್ತು ವರ್ಷ ಮುಪ್ಪಾಗಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಸುಜಾತ, “ಅಜ್ಜೀ!” ಎಂದು ಕೂಗಿ ಓಡಿಹೋಗಿ ಆಕೆಯ ಮೊಣಕಾಲು ಅಪ್ಪಿಕೊಂಡಳು.

ನಾಗಲಿಂಗಮ್ಮ ಬಟ್ಟಲನ್ನು ಮೇಲಕ್ಕೆತ್ತಿ ಹಿಡಿದು ಕಂಬದಂತೆ ನಿಂತಳು.

“ಗುರುತೇನು ನಿನಗ?” ಎಂದು ಉಚ್ಚಂಗೆಮ್ಮ ಆಕೆಯನ್ನು ಕೇಳಿದಳು.

“ಇಲ್ಲವ್ವ,” ಎಂದಳು ನಾಗಲಿಂಗಮ್ಮ. “ನಾ ಎಲ್ಲಿ ನೋಡಬೇಕು ಇವರನ್ನ.” ಹೇಳುತ್ತ ದುರುಗಮ್ಮನ ಕಡೆ ಒಂದು ನೋಟ ನೋಡಿದಳು.

ದುರುಗಮ್ಮನಿಗೆ ಎಲ್ಲ ತಿಳಿಯಿತು. ಆಕೆ ಈ ಮನೆಯಲ್ಲಿ ಒಲೆ ಮುಟ್ಟುತ್ತಾಳೆ, ಮುದುಕಿಗೆ ಉಣ್ಣಿಸುತ್ತಾಳೆ, ಎಲ್ಲೋ ಒಂದು ಮೂಲೆಯಲ್ಲಿ ಮಲಗುತ್ತಾಳೆ. ಹಗರಿಬೊಮ್ಮನಹಳ್ಳಿಯ ನಾಲ್ಕು ವರ್ಷವನ್ನು ಮುಚ್ಚಿಟ್ಟು ಅದನ್ನೆಲ್ಲ ಗಳಿಸಿಕೊಂಡಿದ್ದಾಳೆ. ತಾನೀಗ ಒಂದೇ ಮಾತು ಆಡಿದರೆ ಸಾಕು, ಸಂಜೆಯೊಳಗೆ ಬೀದಿಯಲ್ಲಿರುತ್ತಾಳೆ. ಆ ಮಾತು ನಾಲಿಗೆಯವರೆಗೆ ಬಂತು. ತನ್ನ ಮಗಳು ಕಾಲು ತಬ್ಬಿ ನಿಂತಿದ್ದರೂ ಆ ಕೈ ಕೆಳಗಿಳಿದು ತಲೆ ಮುಟ್ಟಲಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ಅದನ್ನು ಆಡಬೇಕೆಂದೇ ಆಕೆಗೆ ಅನಿಸಿತು.

“ನಮ್ಮ ಹುಡುಗಿ ಹಿಂಗ ರೀ,” ಎಂದಳು ಕೊನೆಗೆ. “ವಯಸ್ಸಾದೋರು ಯಾರು ಕಂಡ್ರೂ ಅಜ್ಜಿ ಅಂತ ಓಡಿಬಿಡ್ತಾಳ.” ಮಗಳ ತೋಳು ಹಿಡಿದು ಬಿಡಿಸಿ ಹೊರಗೆ ಕೂರಿಸಿ ಬಂದು, ಮುದುಕಿಗೆ ಇಂಜೆಕ್ಷನ್ ಕೊಟ್ಟಳು.

ಬೀದಿಗೆ ಬಂದ ಮೇಲೆ ಸುಜಾತ ಕೇಳಿದಳು: “ಅದು ನಮ್ಮ ಅಜ್ಜೀನೇ ಅಲ್ಲೇನವ್ವ?”

“ಹೌದು. ನಮ್ಮ ಅಜ್ಜೀನೇ.”

“ಮತ್ತ ನಮ್ಮನ್ನ ಯಾಕ ಗೊತ್ತಿಲ್ಲ ಅಂದಳು?”

ಆರು ವರ್ಷದ ಮಗಳಿಗೆ ಇದನ್ನು ಹೇಳುವ ವಯಸ್ಸು ಯಾವುದೆಂದು ದುರುಗಮ್ಮನಿಗೆ ಗೊತ್ತಿರಲಿಲ್ಲ. ಆದರೆ ತನ್ನದೇ ಏನೋ ತಪ್ಪಿರಬೇಕೆಂದು ಆ ಮಗು ತಿಳಿಯುವುದು ಬೇಡವಾಗಿತ್ತು. ಹಾದಿಯಲ್ಲೇ ನಡೆಯುತ್ತ, ಸಣ್ಣ ಸಣ್ಣ ಮಾತುಗಳಲ್ಲಿ ಎಲ್ಲ ಹೇಳಿದಳು. ನಾವು ಯಾರು, ಅವರು ಯಾರು, ನಮ್ಮ ಮನೆಯಲ್ಲಿದ್ದಳೆಂದು ಗೊತ್ತಾದರೆ ಅಜ್ಜಿಯನ್ನು ಅವರು ಯಾಕೆ ಇಟ್ಟುಕೊಳ್ಳುವುದಿಲ್ಲ. ಮಗು ಎಲ್ಲ ಕೇಳಿದ ಮೇಲೆ, “ನಾವು ಹೊಲಸು ಇಲ್ಲಲ್ಲ,” ಎಂದಿತು.

“ಇಲ್ಲ, ಮಗಳ.”

ಇನ್ನುಳಿದ ಒಂಬತ್ತು ದಿನ ದುರುಗಮ್ಮ ಒಬ್ಬಳೇ ಹೋದಳು. ನಾಗಲಿಂಗಮ್ಮ ಬಿಸಿನೀರು ತಂದಿಡುತ್ತಿದ್ದಳು, ಮುದುಕಿಯ ತೋಳು ಹಿಡಿಯುತ್ತಿದ್ದಳು. ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಹತ್ತನೇ ದಿನ ಉಚ್ಚಂಗೆಮ್ಮ ಮನೆಯಲ್ಲಿರಲಿಲ್ಲ. ಬೀದಿ ಬಾಗಿಲು ಹಾಕಿಕೊಳ್ಳಲು ನಾಗಲಿಂಗಮ್ಮ ಹಿಂದೆಯೇ ಬಂದಳು. ಹೊಸ್ತಿಲೊಳಗೆ ನಿಂತು, ಅತ್ತಿತ್ತ ನೋಡಿ, ಬಾಗಿಲ ಸಂದಿಯಲ್ಲಿ ಮೆಲ್ಲಗೆ ಕೇಳಿದಳು:

“ಕೂಸು ನನ್ನ ಕೇಳತೈತೇನ್ರಿ?”

ಆ ಶನಿವಾರದ ನಂತರ ಸುಜಾತ ಅಜ್ಜಿಯ ಹೆಸರೆತ್ತಿರಲಿಲ್ಲ. ಕೇಳುತ್ತಾಳೆ ಎನ್ನಬಹುದಿತ್ತು, ಅದರಿಂದ ಯಾರಿಗೂ ನಷ್ಟವಿರಲಿಲ್ಲ.

“ಇಲ್ಲ,” ಎಂದಳು ದುರುಗಮ್ಮ. ಅದು ನಿಜವೇ. ನಿಜವೆಂದು ಹೇಳಿದೆನೋ, ನೋಯಲಿ ಎಂದು ಹೇಳಿದೆನೋ ಆಕೆಗೇ ತಿಳಿಯಲಿಲ್ಲ.

“ಚಲೋ ಆತು ಬಿಡ್ರಿ,” ಎಂದು ನಾಗಲಿಂಗಮ್ಮ ಬಾಗಿಲು ಹಾಕಿಕೊಂಡಳು. ಒಳಗೆ ಚಿಲಕ ಬಿದ್ದ ಸಪ್ಪಳವಾಯಿತು. ದುರುಗಮ್ಮ ಇಂಜೆಕ್ಷನ್ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಆಸ್ಪತ್ರೆಯ ಕಡೆ ನಡೆದಳು.